ಮುನಿಯಲ್ಲಪ್ಪನ ಗೂಡಿನ ಉತ್ತರ ದಿಕ್ಕು

ತಾತನ ಹೆಂಚಿನ ಗೂಡಿನೊಳಗಿಂದ ಉಳಿ ಬಡಿಯುವ ಸದ್ದು ಬರುತ್ತಿತ್ತು. ಸೈಕಲ್ಲನ್ನು ಬೇಲಿಯ ಮೇಲೆ ಬಿಸಾಕಿ ಓಡಿದೆ. ನಿಧಿ ಹುಡುಕುವವರು ನಮ್ಮ ಗೂಡುಗಳಿಗೆ ನುಗ್ಗುವುದು ಹೊಸದಲ್ಲ. ಹಿಂದಿನ ವರ್ಷ ಯಾರೋ ಬಂದು, ಕೋಳಿ ಕುಯ್ದು, ಗೂಡಿನ ಬಾಯಿ ಮುಂದೆ ಮೊಳದಾಳದ ಗುಂಡಿ ತೋಡಿ ಹೋಗಿದ್ದರು. ಅವತ್ತು ಸಿಕ್ಕಿದ್ದರೆ ಕೈ ಮುರಿಯುತ್ತಿದ್ದೆ. ಇವತ್ತು ಸಿಕ್ಕರು ಅಂದುಕೊಂಡೆ.

"ಯಾವನ್ಲಾ ಅದು? ಈಚೆಗೆ ಬಾ."

ಗೂಡಿನ ಬಾಯಿಂದ ಮಂಡಿಯೂರಿ ತೆವಳಿಕೊಂಡು ಈಚೆಗೆ ಬಂದದ್ದು ಒಬ್ಬಳು ಹುಡುಗಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಕೆನ್ನೆಯ ಮೇಲೆ ಪ್ಲಾಸ್ಟರ್ ಒಣಗಿ ಬಿಳಿಯ ಗೆರೆಯಾಗಿತ್ತು. ಕೈಯಲ್ಲಿ ಉಳಿ.

"ಯಾವನೂ ಇಲ್ಲ. ನಾನೊಬ್ಬಳೇ ಇರೋದು," ಅಂದಳು. "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಮುಳ್ಳು ಅಲ್ಲಾಡ್ತಾ ಇದೆ."

ಅವಳ ಎಡಗೈಯಲ್ಲಿ ಹಿತ್ತಾಳೆಯ ದಿಕ್ಸೂಚಿ ಇತ್ತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಮುಳ್ಳು ನನ್ನ ಕಡೆ ತಿರುಗಿತು. ಹಿಂದೆ ಸರಿದೆ. ಅದೂ ಹಿಂದಕ್ಕೆ ಹೋಯಿತು.

"ನೋಡಿ, ನೀವು ಬಂದ್ರೆ ಪಾಪ ಅದಕ್ಕೆ ದಿಕ್ಕು ತಪ್ಪುತ್ತೆ. ಮೈಮೇಲೆ ಕಬ್ಬಿಣ ಏನಾದ್ರೂ ಇದೆಯಾ?"

"ನಮ್ಮ ತಾತನ ಗೂಡನ್ನ ಅಗೆಯೋಕೆ ನಿಮಗೆ ಯಾರು ಹೇಳಿದ್ದು?"

"ನಿಮ್ಮಮ್ಮ. ಚಿಕ್ಕಗಂಗಮ್ಮನವರು. ಮಜ್ಜಿಗೆ ಕೊಟ್ಟು ಕಳಿಸಿದ್ರು. ಹೋಗೋ ಮುಂಚೆ ಒಂದು ಮಾತೂ ಹೇಳಿದ್ರು." ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ನನ್ನ ಮಗ ಬಂದು ಕೂಗಾಡ್ತಾನೆ, ಕೂಗಿ ಮುಗಿಸೋವರೆಗೂ ಸುಮ್ಮನಿರು ಅಂತ. ಮುಗೀತಾ?"

ಮುಗಿದಿರಲಿಲ್ಲ. ಆದರೆ ಮುಂದೇನು ಕೂಗಬೇಕೋ ಮರೆತುಹೋಯಿತು.

ಅವಳ ಹೆಸರು ವೆಂಕಟರತ್ನಮ್ಮ. ರತ್ನ ಅನ್ನಿ ಸಾಕು ಅಂದಳು. ಶ್ರೀನಿವಾಸಪುರದ ಆಚೆ ರಾಯಲ್ಪಾಡಿನವಳು. ಅವಳಪ್ಪ ಸುಬ್ಬರಾಯಪ್ಪ ಸ್ಕೂಲ್ ಮೇಷ್ಟ್ರು. ಅವಳು ಹೈದರಾಬಾದಿನಲ್ಲಿ ರಿಸರ್ಚ್ ಮಾಡುತ್ತಿದ್ದಳು. ಅದು ಎಪ್ಪತ್ತೊಂಬತ್ತನೇ ಇಸವಿ. ನನಗೆ ಇಪ್ಪತ್ತೈದು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಓದಿದವರು ನನ್ನ ಜಾಗಕ್ಕೆ ಬಂದು ನನಗೇ ಆ ಕಡೆ ನಿಂತ್ಕೋ ಅಂದರೆ ಮೈ ಉರಿಯುತ್ತಿತ್ತು. ಅವತ್ತೂ ಉರಿಯಿತು. ಆದರೂ ಆ ಕಡೆ ನಿಂತುಕೊಂಡೆ.

*

ನಮ್ಮದು ಹೆಂಚು ಸುಡುವ ಮನೆತನ. ಮಾಲೂರಿನಿಂದ ಟೇಕಲ್ ಕಡೆ ಹೋಗುವ ದಾರಿಯಲ್ಲಿ, ಕೆರೆಯ ಹಿಂದೆ, ಒಂದರ ಪಕ್ಕ ಒಂದು ಐದು ಗೂಡುಗಳಿವೆ. ಗೂಡು ಕಟ್ಟಿದವನು ಸತ್ತರೆ ಅವನ ಗೂಡಿಗೆ ಮತ್ತೆ ಬೆಂಕಿ ಹಾಕುವ ಹಾಗಿಲ್ಲ. ಕೆಡವುವ ಹಾಗೂ ಇಲ್ಲ. ಮಗ ಅದರ ಪಕ್ಕದಲ್ಲಿ ತನ್ನದನ್ನು ಕಟ್ಟಿಕೊಳ್ಳಬೇಕು. ಕಟ್ಟಿದ ಮೇಲೆಯೇ ಅವನಿಗೆ ಹೆಣ್ಣು ಕೊಡುವುದು. ನನ್ನ ಗೂಡು ಇರಬೇಕಾದ ಜಾಗದಲ್ಲಿ ತಂಗಡಿ ಗಿಡ ಬೆಳೆದಿತ್ತು. ನಾನು ಮಾಲೂರಿನ ಒಂದು ಹೆಂಚಿನ ಫ್ಯಾಕ್ಟರಿಯಲ್ಲಿ ಬೇರೆಯವರ ಬೆಂಕಿ ಕಾಯುತ್ತಿದ್ದೆ.

ರತ್ನಳಿಗೆ ಬೇಕಾದದ್ದು ಗೂಡುಗಳ ನೆಲ. ಸುಟ್ಟ ಮಣ್ಣಿನ ಹಾಸು.

"ಭೂಮಿ ಒಳಗೆ ಕರಗಿದ ಕಬ್ಬಿಣ ಹರಿದಾಡ್ತಾ ಇದೆ," ಅಂದಳು, ಮರುದಿನ ಭಾನುವಾರ. "ಈ ಮುಳ್ಳನ್ನ ತಿರುಗಿಸೋದು ಅದೇ. ಅದು ಹರಿಯೋ ರೀತಿ ಬದಲಾದ್ರೆ ಮುಳ್ಳು ತೋರಿಸೋ ಉತ್ತರಾನೂ ಸರಿಯುತ್ತೆ. ನಿಮ್ಮ ಮುತ್ತಾತ ನೋಡಿದ ಉತ್ತರ ಬೇರೆ, ನಿಮ್ಮದು ಬೇರೆ."

"ನಮ್ಮ ಮುತ್ತಾತ ಯಾವ ಉತ್ತರಾನೂ ನೋಡ್ಲಿಲ್ಲ. ಮಣ್ಣು ತುಳಿದು ಸತ್ತ."

"ಅವರು ನೋಡ್ಲಿಲ್ಲ. ಅವರು ಸುಟ್ಟ ಮಣ್ಣು ನೋಡಿದೆ." ಹಾಸಿನ ಮೇಲೆ ಅಂಗೈ ಇಟ್ಟಳು. "ಮಣ್ಣಲ್ಲಿರೋ ಕಬ್ಬಿಣದ ಕಣ ಕೆಂಪಗೆ ಕಾದಾಗ ಎಲ್ಲಾ ಮರೆತುಬಿಡುತ್ತೆ. ಆರ್ತಾ ಆರ್ತಾ ಆ ದಿನದ ಉತ್ತರವನ್ನ ಹಿಡ್ಕೊಳ್ಳುತ್ತೆ. ಮತ್ತೆ ಕಾಯಿಸೋವರೆಗೂ ಬಿಡಲ್ಲ. ನಿಮ್ಮ ಮನೇಲಿ ಸತ್ತವರ ಗೂಡಿಗೆ ಬೆಂಕಿ ಹಾಕಲ್ಲ ಅಂದ್ರಲ್ಲ ನಿಮ್ಮಮ್ಮ, ನನಗೆ ಕುಣಿಯೋ ಹಾಗಾಯ್ತು."

"ಸಾವು ಕೇಳಿ ಕುಣಿಯೋರನ್ನ ಈಗಲೇ ನೋಡಿದ್ದು."

ಅವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಮೆಲ್ಲಗೆ ನಕ್ಕಳು.

ಅವಳ ಸಂಸ್ಥೆಯಲ್ಲಿ ಒಂದು ಲೆಕ್ಕ ಕಟ್ಟುತ್ತಿದ್ದರಂತೆ. ಯಾವ ಕಾಲದಲ್ಲಿ, ಯಾವ ಸೀಮೆಯಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತಿತ್ತು ಎಂದು ಹೇಳುವ ಲೆಕ್ಕ. ಕೋಣೆಯಷ್ಟು ದೊಡ್ಡ ಕಂಪ್ಯೂಟರಿಗೆ ತೂತು ಹೊಡೆದ ಕಾರ್ಡುಗಳನ್ನು ಉಣಿಸುತ್ತಾರಂತೆ. ಮದ್ರಾಸು, ಬೊಂಬಾಯಿಯಲ್ಲಿ ನೂರು ವರ್ಷದ ಹಿಂದೆಯೇ ಅಳೆದು ಬರೆದಿಟ್ಟಿದ್ದಾರೆ. ನಮ್ಮ ಕಡೆ ಮೊನ್ನೆ ಮೊನ್ನೆಯವರೆಗೂ ಯಾರೂ ಅಳೆದಿರಲಿಲ್ಲ. ಅಳೆಯದ ಜಾಗದಲ್ಲಿ ಲೆಕ್ಕಕ್ಕೆ ಕಣ್ಣು ಕಾಣುವುದಿಲ್ಲ. ಆವನಿಯ ಬಂಡೆಗಳನ್ನೂ ಅವಳು ಕೊರೆದು ಬಂದಿದ್ದಳು. ಬಂಡೆ ಕೋಟಿ ವರ್ಷದ ಮಾತು ಹೇಳುತ್ತದೆ, ನನಗೆ ಬೇಕಾದದ್ದು ಅಜ್ಜ ಮುತ್ತಜ್ಜರ ಮಾತು ಅಂದಳು.

ಹಾಗೆ ನಾನು ಅವಳಿಗೆ ಸಾವುಗಳನ್ನು ಹೇಳುತ್ತಾ ಹೋದೆ. ಅವಳು ಬರೆದುಕೊಳ್ಳುತ್ತಾ ಹೋದಳು. ಸೊಣ್ಣಪ್ಪ ಹೋಗಿದ್ದು ಮಾಲೂರಿಗೆ ರೈಲು ಬಂದ ವರ್ಷ. ಆಂಜಿನಪ್ಪನನ್ನು ಧಾತು ಸಂವತ್ಸರದ ಬರ ತಿಂದಿತು. ದೊಡ್ಡಮುನಿಯಪ್ಪನದು ಪ್ಲೇಗು. ತಾತ ಅಶ್ವತ್ಥಪ್ಪನಿಗೆ ಸ್ವಾತಂತ್ರ್ಯ ಬಂದ ಮರುವರ್ಷ ಎದೆ ನಿಂತಿತು.

"ಐದನೇದು?" ಅಂದಳು.

"ಅಪ್ಪ. ಮುನಿಯಲ್ಲಪ್ಪ. ಅರವತ್ತೇಳು."

ಅಷ್ಟು ಹೇಳುವಷ್ಟರಲ್ಲಿ ಮಧ್ಯಾಹ್ನದ ಗಾಳಿ ಎದ್ದಿತು. ಅಪ್ಪನ ಗೂಡಿನ ಕಮಾನು ಅರ್ಧ ಕುಸಿದಿದೆ. ಹಿಂಭಾಗದ ಹೊಗೆಕಣ್ಣು, ಹೊಗೆ ಹೋಗುವ ಕಂಡಿ, ಮಾತ್ರ ಗಟ್ಟಿಯಾಗಿದೆ. ಗಾಳಿ ಅದರೊಳಗೆ ನುಗ್ಗಿದಾಗ ಒಂದು ಸದ್ದು ಬರುತ್ತದೆ. ದೂರದಿಂದ ಯಾರೋ ಏನೋ ಕೇಳಿದ ಹಾಗೆ. ಊರಿನವರು ಅದನ್ನು ಸದ್ದು ಅನ್ನುತ್ತಾರೆ. ನನಗೆ ಮಾತ್ರ ಅದರ ಮಾತು ಗೊತ್ತಿತ್ತು.

ರತ್ನ ತಲೆಯೆತ್ತಿ ಕೇಳಿಸಿಕೊಂಡಳು. "ಯಾರೋ ಕರೆದ ಹಾಗಿತ್ತು."

"ಗಾಳಿ," ಅಂದೆ.

*

ಆಮೇಲೆ ಐದು ಭಾನುವಾರ ಅವಳ ಜೊತೆ ಕೆಲಸ ಮಾಡಿದೆ. ನೀರು ಹೊತ್ತೆ, ಪ್ಲಾಸ್ಟರ್ ಕಲಸಿದೆ. ಹಾಸಿನ ಪ್ರತಿ ಬಿಲ್ಲೆಯನ್ನೂ ಕೀಳುವ ಮೊದಲು ಅವಳು ಅದರ ಮೇಲೆ ಪ್ಲಾಸ್ಟರ್ ಹಚ್ಚಿ ಮಟ್ಟ ಮಾಡಿ, ದಿಕ್ಸೂಚಿ ಇಟ್ಟು, ಇವತ್ತಿನ ಉತ್ತರಕ್ಕೆ ಒಂದು ಬಾಣ ಗೀಚುತ್ತಿದ್ದಳು. ಬಾಣ ತಪ್ಪಿದರೆ ಎಲ್ಲಾ ತಪ್ಪಿದ ಹಾಗೆ. ಮುಳ್ಳು ನಿಲ್ಲುವವರೆಗೂ ಉಸಿರು ಹಿಡಿಯುತ್ತಿದ್ದಳು. ಕತ್ತಿನ ಹತ್ತಿರ ಒಂದು ನರ ಮಾತ್ರ ಮಿಡಿಯುತ್ತಿತ್ತು. ನಾನು ಮುಳ್ಳನ್ನು ನೋಡದೆ ಅದನ್ನು ನೋಡುತ್ತಿದ್ದೆ.

"ಅಲ್ಲಾಡ್ತಾನೇ ಇದೆ," ಅಂದಳು ಒಂದು ದಿನ, ತಲೆಯೆತ್ತದೆ. "ನಿಮ್ಮ ಕೈಯಲ್ಲಿರೋ ಕಡಗ ತೆಗೀರಿ."

"ತೆಗೆಯಲ್ಲ."

"ಯಾಕೆ?"

"ಅಪ್ಪ ಸತ್ತಾಗ ಅಮ್ಮ ಹಾಕಿದ್ದು. ಕಬ್ಬಿಣ ಇದ್ರೆ ಸತ್ತೋರು ಹತ್ತಿರ ಬರಲ್ಲ ಅಂತ."

"ಬದುಕಿರೋರೂ ಬರೋಕಾಗ್ತಿಲ್ಲ," ಅಂದಳು. ಅಂದಮೇಲೆ ಅವಳಿಗೇ ಕೇಳಿಸಿತು ಅನ್ನಿಸುತ್ತದೆ. ಕಿವಿ ಕೆಂಪಾಯಿತು. "ಅಂದ್ರೆ, ದಿಕ್ಸೂಚಿ ತಗೊಂಡು."

ಕಡಗವನ್ನು ಎಣ್ಣೆ ಹಚ್ಚಿ ತಿರುಚಿ ತೆಗೆದೆ. ಹನ್ನೆರಡು ವರ್ಷದ ಮೇಲೆ. ಮಣಿಕಟ್ಟಿನಲ್ಲಿ ಬೆಳ್ಳಗೊಂದು ಉಂಗುರ ಉಳಿಯಿತು. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ. ಮುಟ್ಟಿದಂತೆಯೇ ಆಯಿತು.

"ಸರ್ಲೇ," ಅಂದಳು, ಅವಳ ತೆಲುಗಿನಲ್ಲಿ. "ಈಗ ಪಕ್ಕಕ್ಕೆ ಬನ್ನಿ."

ಪಕ್ಕದಲ್ಲಿ ಕೂತೆ. ಮುಳ್ಳು ನಿಂತಿತು.

ಕೊನೆಗೆ ಉಳಿದದ್ದು ಅಪ್ಪನ ಗೂಡು. ಅದರ ಬಾಯಲ್ಲಿ ನಿಂತು ಅವಳು ಫಾರಂ ತೆಗೆದಳು. ದನಿ ಬದಲಾಯಿತು, ಆಫೀಸಿನ ದನಿ.

"ಇದು ಎಲ್ಲಕ್ಕಿಂತ ಮುಖ್ಯ, ಕದಿರೇಶ್. ಅರವತ್ತೇಳಕ್ಕೆ ನಮ್ಮ ಹತ್ರ ಯಂತ್ರದ ಅಳತೆ ಇದೆ. ಈ ಗೂಡಿನ ಉತ್ತರ ಅದಕ್ಕೆ ಹೊಂದಿದ್ರೆ ಉಳಿದ ನಾಲ್ಕನ್ನೂ ನಂಬಬಹುದು. ಹೊಂದದಿದ್ರೆ ಎಲ್ಲಾ ಹೋಯ್ತು. ಹಾಸನ್ನ ಆಮೇಲೆ ಯಾರಾದ್ರೂ ಕಿತ್ತಿದ್ದಾರಾ? ಜರುಗಿಸಿದ್ದಾರಾ?"

ಗಾಳಿ ಇರಲಿಲ್ಲ. ಆದರೂ ನನ್ನ ಕಿವಿಯಲ್ಲಿ ಆ ಮಾತು ಕೇಳಿಸಿತು.

"ಯಾರೂ ಮುಟ್ಟಿಲ್ಲ," ಅಂದೆ.

"ಖಂಡಿತಾ?"

"ಯಾರೂ ಮುಟ್ಟಿಲ್ಲ ಅಂದ್ನಲ್ಲ."

ಫಾರಂ ಮೇಲೆ ಸಹಿ ಹಾಕಿದೆ. ಏಳನೇ ಕ್ಲಾಸಿನ ಕೋಳಿಕಾಲು ಸಹಿ. ಅವಳು ಅದರ ಮೇಲೆ ಊದಿ ಒಣಗಿಸಿದಳು, ಬಹಳ ಬೆಲೆಯದು ಏನೋ ಅನ್ನುವ ಹಾಗೆ. ಗೋಡೆಯ ಬದಿಯಲ್ಲೆಲ್ಲಾ ಕಮಾನಿನ ಇಟ್ಟಿಗೆ ಬಿದ್ದು ರಾಶಿಯಾಗಿತ್ತು. ನಡುವೆ ಮಾತ್ರ ಹಾಸು ಬರಿದಾಗಿತ್ತು. ಅವಳು ನಡುವಿನ ಒಂಬತ್ತು ಬಿಲ್ಲೆಗಳನ್ನು ಕಿತ್ತುಕೊಂಡಳು.

ಆ ಒಂಬತ್ತನ್ನೇ.

*

ಹೈದರಾಬಾದಿನಿಂದ ಎರಡು ಇನ್‌ಲ್ಯಾಂಡ್ ಕಾಗದ ಬಂದವು. ಮೊದಲನೆಯದರಲ್ಲಿ, ನಿಮ್ಮ ಮುತ್ತಾತಂದಿರು ಒಳ್ಳೆಯವರು, ಹೇಳಿದ ಕಡೆ ನಿಂತಿದ್ದಾರೆ ಎಂದು ಬರೆದಿದ್ದಳು. ಎರಡನೆಯದರ ಕೊನೆಯಲ್ಲಿ ಒಂದು ಸಾಲು. "ಇಲ್ಲಿ ಲ್ಯಾಬಿನಲ್ಲಿ ಯಾರೂ ಕೂಗಾಡುವುದಿಲ್ಲ, ಬೇಜಾರು." ಅದನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಕಾಗದ ಹರಿಯಿತು. ಮೂರನೇ ಕಾಗದ ಬರಲಿಲ್ಲ.

ಶಿವರಾತ್ರಿ ಕಳೆದ ವಾರ ಅವಳೇ ಬಂದಳು. ಫ್ಯಾಕ್ಟರಿಯ ಗೇಟಿನಲ್ಲಿ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಇಬ್ಬರೂ ಕೆರೆಯ ಹಿಂದಕ್ಕೆ ನಡೆದೆವು. ಅಪ್ಪನ ಗೂಡಿನ ಮುಂದಿನ ಕಲ್ಲಿನ ಮೇಲೆ ಕೂತು ಒಂದು ಗ್ರಾಫ್ ಹಾಳೆ ಬಿಡಿಸಿದಳು. ನಾಲ್ಕು ಚುಕ್ಕಿಗಳು ಸಣ್ಣಗೆ ಬಾಗಿದ ಒಂದು ಗೆರೆಯ ಮೇಲೆ ಕೂತಿದ್ದವು. ಐದನೆಯದರ ಜಾಗದಲ್ಲಿ ಒಂಬತ್ತು ಚುಕ್ಕಿಗಳು, ಎರಚಿದ ಹಾಗೆ.

"ಒಂಬತ್ತು ಬಿಲ್ಲೆ," ಅಂದಳು. "ಒಂದು ಪೂರ್ವಕ್ಕೆ ನೋಡುತ್ತೆ. ಎರಡು ದಕ್ಷಿಣಕ್ಕೆ. ಒಂದು ಪಶ್ಚಿಮಕ್ಕೆ. ನಮ್ಮ ಗೈಡು ಹೇಳಿದ್ರು, ಹಾಸು ಜರುಗಿರಬೇಕು, ಇಲ್ಲಾ ನೀನು ಬಾಣ ತಪ್ಪಾಗಿ ಹಾಕಿರಬೇಕು ಅಂತ. ಜರುಗಿಲ್ಲ ಅಂದೆ. ಮನೆಯವರು ಬರೆದುಕೊಟ್ಟಿದ್ದಾರೆ ಅಂತ ಫಾರಂ ತೋರಿಸಿದೆ."

"ಅದಕ್ಕೆ?"

"ಅದಕ್ಕೆ, ಹಾಗಾದ್ರೆ ತಪ್ಪು ನಿನ್ನದೇ ಅಂದ್ರು. ಒಂದು ಗೂಡಲ್ಲಿ ಬಾಣ ತಪ್ಪಿದವಳು ಉಳಿದ ನಾಲ್ಕರಲ್ಲಿ ಸರಿ ಹಾಕಿದ್ದಾಳೆ ಅಂತ ಹೇಗೆ ನಂಬೋದು? ಮಾಲೂರಿನ ಸ್ಯಾಂಪಲ್ ಎಲ್ಲಾ ಕೈಬಿಡು ಅಂದ್ರು. ಅದಿಲ್ಲದಿದ್ರೆ ನನ್ನ ನಾಲ್ಕು ವರ್ಷದ ಕೆಲಸ ನಿಲ್ಲಲ್ಲ." ಹಾಳೆಯನ್ನು ಮಡಿಚಿದಳು. "ಮುಂದಿನ ವಾರ ಬರೆದುಕೊಡಬೇಕು, ಬಾಣ ತಪ್ಪಾಗಿದ್ದು ನನ್ನಿಂದ ಅಂತ. ಬರೆಯೋ ಮುಂಚೆ ಜಾಗವನ್ನ ಒಂದ್ಸಲ ನೋಡೋಣ ಅಂತ ಬಂದೆ. ಎಲ್ಲಿ ತಪ್ಪಿದೆ ಅಂತ ಎಷ್ಟು ಯೋಚಿಸಿದ್ರೂ ಗೊತ್ತಾಗ್ತಿಲ್ಲ."

ನನ್ನ ಮೇಲೆ ಅವಳಿಗೆ ಒಂದು ಚೂರೂ ಅನುಮಾನವಿರಲಿಲ್ಲ. ತನ್ನ ಕಣ್ಣನ್ನು, ತನ್ನ ಕೈಯನ್ನು ಅನುಮಾನಿಸಿದ್ದಳು. ನನ್ನ ಕೋಳಿಕಾಲು ಸಹಿಯನ್ನು ನಂಬಿದ್ದಳು. ಆಗ ನನಗೆ ಬಂದ ಸಿಟ್ಟು ಇಡೀ ಜೀವಮಾನದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಈ ಸಲ ಅದಕ್ಕೆ ಹೋಗಿ ಬೀಳಲು ಬೇರೆ ಯಾರೂ ಸಿಗಲಿಲ್ಲ.

"ಬಾಣ ಸರಿಯಾಗಿತ್ತು," ಅಂದೆ. "ಹಾಸನ್ನ ನಾನು ಕಿತ್ತಿದ್ದೆ."

ಅವಳು ನನ್ನ ಕಡೆ ತಿರುಗಿದಳು.

"ನನಗಾಗ ಹದಿಮೂರು. ಗೂಡು ಆರಿದೆಯಾ ಅಂತ ನೋಡೋ ಕೆಲಸ ನನ್ನದು. ಹಿಂದೆ ಹೊಗೆಕಣ್ಣಿನ ಹತ್ರ ಹತ್ತಿ ಒದ್ದೆ ಹುಲ್ಲುಕಡ್ಡಿ ಒಳಗೆ ಬಿಟ್ಟು ತೆಗೀಬೇಕು. ಒದ್ದೆಯಾಗೇ ಬಂದ್ರೆ ಆರಿದೆ. ಒಣಗಿ ಬಂದ್ರೆ ಇಲ್ಲ. ಆವತ್ತು ಟೂರಿಂಗ್ ಟಾಕೀಸಿನ ಜಟಕಾ ಬಂದಿತ್ತು, ಗುಲಾಬಿ ಬಣ್ಣದ ನೋಟಿಸು ಎಸೀತಾ. ನಾನು ಅದರ ಹಿಂದೆ ಓಡಿಹೋಗಿದ್ದೆ. ವಾಪಸ್ ಬಂದಾಗ ಲಾರಿ ನಿಂತಿತ್ತು. ಅದನ್ನ ತಂದಿದ್ದ ಹೆಂಚಿನ ಸಾಹುಕಾರ ಕೂಗಾಡ್ತಿದ್ದ. ಅಪ್ಪ ಗೂಡಿನ ಬಾಯಿ ಒಡೆದಿದ್ದ. ಒದ್ದೆ ಗೋಣಿ ತಲೆಗೆ ಹೊದ್ದಿದ್ದ. ನನ್ನ ಕಡೆ ತಿರುಗಿ, ಆರಿದೆಯೇನ್ಲಾ ಅಂದ. ನನ್ನ ಕೈತುಂಬಾ ನೋಟಿಸು. ಆರಿದೆ ಅಂದೆ."

ಗೂಡಿನ ಬಾಯಿಯ ಕಡೆ ಕೈ ತೋರಿಸಿದೆ.

"ಬಗ್ಗಿ ಒಳಗೆ ಹೋದ. ಐದು ನಿಮಿಷ ಆಗಿರಬೇಕು, ಕಮಾನು ಬಿತ್ತು. ಬಿಸಿ ಗೂಡಿಗೆ ತಣ್ಣನೆ ಗಾಳಿ ಹೊಡೆದ್ರೆ ಕಮಾನು ಬಿರಿಯುತ್ತೆ. ನಮ್ಮ ಮನೇಲಿ ಹಾಲು ಕುಡಿಯೋ ಮಗೂಗೂ ಗೊತ್ತು ಅದು. ಮೂರನೇ ದಿನ ಎಲ್ಲರೂ ಹಾಲುತುಪ್ಪ ಮುಗಿಸಿ ಮನೆ ಕಡೆ ಹೋದಾಗ ನಾನು ಒಳಗೆ ಹೋದೆ. ಅವನು ಬಿದ್ದ ಜಾಗದಲ್ಲಿ ರಕ್ತದ ಗುರುತು ಹಾಗೇ ಇತ್ತು. ಆ ಒಂಬತ್ತು ಬಿಲ್ಲೆ ಕಿತ್ತು, ಕೆರೇಲಿ ತೊಳೆದು, ಹೇಗೆ ಬಂತೋ ಹಾಗೆ ಇಟ್ಟೆ. ಯಾರಿಗೂ ಹೇಳಿಲ್ಲ. ಲಾರಿಯವನು ಕೊಂದ ಅಂತ ಊರೆಲ್ಲಾ ಬೈಕೊಂಡು ತಿರುಗಿದೀನಿ. ಅವನ ಲಾರಿ ಗಾಜು ಒಡೆದಿದೀನಿ."

ಗಾಳಿ ಎದ್ದಿತು. ಹೊಗೆಕಣ್ಣು ಕೇಳಿತು.

"ಅದು ಕೇಳಿಸ್ತಲ್ಲ," ಅಂದೆ. "ಆವತ್ತು ಗಾಳಿ ಅಂದೆ ನಿಮಗೆ. ಅದು ಹನ್ನೆರಡು ವರ್ಷದಿಂದ, ಆರಿದೆಯೇನ್ಲಾ ಅಂತ, ಅದೊಂದೇ ಮಾತು ಕೇಳ್ತಾ ಇದೆ."

ರತ್ನ ಹಾಳೆಯನ್ನು ಚೀಲಕ್ಕೆ ಹಾಕಿದಳು. ಆಮೇಲೆ ಎದ್ದಳು. ಸೆರಗಿನ ಧೂಳು ಕೊಡವಿದಳು.

"ಅಬದ್ಧ ಹೇಳಿದ್ರಿ ನನಗೆ," ಅಂದಳು. ದನಿ ಎತ್ತರಿಸಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಒಂದು ತಿಂಗಳು ನಿದ್ದೆ ಮಾಡಿಲ್ಲ ನಾನು. ನನ್ನ ಕೈ ನಡುಗುತ್ತಾ ಅಂತ ದೀಪದ ಮುಂದೆ ಹಿಡಿದು ನೋಡ್ಕೊಂಡಿದೀನಿ."

"ಗೊತ್ತು."

"ಏನೂ ಗೊತ್ತಿಲ್ಲ ನಿಮಗೆ." ಕಣ್ಣು ಒರೆಸಿಕೊಂಡು ಗೂಡಿನ ಕಡೆ ನೋಡಿದಳು. "ಗೋಡೆ ಬದೀಲಿ, ಇಟ್ಟಿಗೆ ರಾಶಿ ಕೆಳಗೆ ಇರೋ ಹಾಸು? ಅದನ್ನೂ ಕಿತ್ತಿದ್ರಾ?"

"ಇಲ್ಲ. ಅಲ್ಲಿಗೆ ಕೈ ಹಾಕಲಿಲ್ಲ." ನಾನು ಅವಳ ಮುಖ ನೋಡಿದೆ. "ಈ ಸಲ ನಿಜ."

"ಗುದ್ದಲಿ ತನ್ನಿ. ಕಡಗ ತೆಗೆದಿಟ್ಟು ಬನ್ನಿ."

"ಹಾಕಿಕೊಂಡೇ ಇಲ್ಲ," ಅಂದೆ. "ಆವತ್ತಿಂದ."

ಅವಳ ಕಣ್ಣು ನನ್ನ ಮಣಿಕಟ್ಟಿಗೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಸಿಟ್ಟು ಇಳಿದಿರಲಿಲ್ಲ. ಆದರೂ ನಿಂತಿತು.

ಎರಡು ದಿನ ರಾಶಿ ತೆಗೆದೆವು. ಕೆಳಗಿನ ಹಾಸು ಹಾಗೇ ಇತ್ತು, ಬಿಲ್ಲೆಗೆ ಬಿಲ್ಲೆ ಕಚ್ಚಿಕೊಂಡು. ಅವಳು ಏಳು ಬಿಲ್ಲೆಗೆ ಬಾಣ ಹಾಕಿದಳು. ಹೊಸ ಫಾರಂ ತೆಗೆದು ನನ್ನ ಕೈಗೇ ಕೊಟ್ಟಳು. ನಾನೇ ಬರೆದೆ. ನಡುವಿನ ಒಂಬತ್ತು ಬಿಲ್ಲೆಗಳನ್ನು ಕಿತ್ತವನು ನಾನು, ಹಿಂದೆ ಬರೆದುಕೊಟ್ಟದ್ದು ಸುಳ್ಳು ಎಂದು. ಎರಡು ಸಾಲಿಗೆ ಅರ್ಧ ಗಂಟೆ ಹಿಡಿಯಿತು.

ಹೊರಡುವಾಗ ಅವಳು ರಾಶಿಯಿಂದ ಒಂದು ಕಮಾನಿನ ಇಟ್ಟಿಗೆ ಎತ್ತಿಕೊಂಡು ನನ್ನ ಮುಂದೆ ಹಿಡಿದಳು.

"ಒಂದು ವಿಷಯ ಹೇಳ್ತೀನಿ. ಬೇಡ ಅಂದ್ರೆ ಬಿಟ್ಟುಬಿಡೋಣ," ಅಂದಳು. "ಮಣ್ಣು ಆರ್ತಾ ಆರ್ತಾ ಉತ್ತರ ಹಿಡ್ಕೊಳ್ಳುತ್ತೆ ಅಂದೆನಲ್ಲ. ಒಂದೇ ಸಲ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ. ಪೂರ್ತಿ ಆರಿದ ಮೇಲೆ ಈ ಇಟ್ಟಿಗೆ ಬಿದ್ದಿದ್ರೆ ಇದರೊಳಗೆ ಒಂದೇ ಉತ್ತರ ಇರುತ್ತೆ. ಬಿಸಿ ಇರುವಾಗಲೇ ಬಿದ್ದಿದ್ರೆ ಎರಡು ಇರುತ್ತೆ. ಮೇಲೆ ಕಮಾನಲ್ಲಿದ್ದಾಗ ಹಿಡಿದದ್ದು ಒಂದು, ಕೆಳಗೆ ಬಿದ್ದ ಮೇಲೆ ಹಿಡಿದದ್ದು ಇನ್ನೊಂದು. ಒಲೆಯಲ್ಲಿಟ್ಟು ಸ್ವಲ್ಪ ಸ್ವಲ್ಪವೇ ಕಾಯಿಸಿ ನೋಡಿದ್ರೆ, ಬಿದ್ದಾಗ ಎಷ್ಟು ಬಿಸಿ ಇತ್ತು ಅಂತ ಹೇಳಬಹುದು."

ನನಗೆ ಅರ್ಥವಾಯಿತು. ಹನ್ನೆರಡು ವರ್ಷದಿಂದ ಗೂಡು ನನ್ನನ್ನು ಕೇಳುತ್ತಿದ್ದ ಮಾತನ್ನು ಈಗ ಗೂಡನ್ನೇ ಕೇಳಬಹುದು. ಆರಿತ್ತು ಅಂತ ಬಂದರೆ ನಾನು ಉಳಿದೆ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದರೂ ಹೇಳಿದ್ದು ನಿಜವಾಗಿತ್ತು, ಕಮಾನು ತಾನಾಗಿ ಬಿತ್ತು. ಇಲ್ಲ ಅಂತ ಬಂದರೆ?

"ತಗೊಂಡು ಹೋಗಿ," ಅಂದೆ. ಇಟ್ಟಿಗೆಯನ್ನು ನಾನೇ ಹಳೆಯ ಪಂಚೆಯಲ್ಲಿ ಸುತ್ತಿ ಕೊಟ್ಟೆ. "ಏನೇ ಬಂದ್ರೂ ಇದ್ದದ್ದು ಇದ್ದ ಹಾಗೆ ಹೇಳಿ."

"ಹೇಳೋಕೆ ನಾನೇ ಬರ್ತೀನಿ," ಅಂದಳು. "ಕಾಗದ ಬರೆಯಲ್ಲ."

*

ಜೂನ್ ತಿಂಗಳಲ್ಲಿ ಬಂದಳು, ಒಂದು ಬುಟ್ಟಿ ರಾಯಲ್ಪಾಡಿನ ಮಾವು ಹೊತ್ತುಕೊಂಡು. ಅಮ್ಮ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ರತ್ನ ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕೂತಳು.

ಮೊದಲು ಹಾಳೆ ಬಿಡಿಸಿದಳು. ಐದನೇ ಚುಕ್ಕಿ ಗೆರೆಯ ಮೇಲೆ ಕೂತಿತ್ತು. ಯಂತ್ರದ ಅಳತೆಗೆ ಅರ್ಧ ಡಿಗ್ರಿಯೂ ವ್ಯತ್ಯಾಸವಿಲ್ಲ. ಗೈಡು ನನ್ನ ಎರಡು ಸಾಲು ಓದಿ ಕನ್ನಡಕ ತೆಗೆದು ಒರೆಸಿಕೊಂಡರಂತೆ. ಐದೂ ಗೂಡುಗಳು ಲೆಕ್ಕದೊಳಕ್ಕೆ ಹೋದವು. ಪ್ರತಿ ಚುಕ್ಕಿಯ ಪಕ್ಕದಲ್ಲಿ ಅವಳು ಕನ್ನಡದಲ್ಲಿ ಹೆಸರು ಬರೆದಿದ್ದಳು. ಸೊಣ್ಣಪ್ಪ, ಆಂಜಿನಪ್ಪ, ದೊಡ್ಡಮುನಿಯಪ್ಪ, ಅಶ್ವತ್ಥಪ್ಪ, ಮುನಿಯಲ್ಲಪ್ಪ. ಬರ, ಪ್ಲೇಗು ಯಾವುದೂ ಆ ಗೆರೆಯಲ್ಲಿ ಕಾಣುತ್ತಿರಲಿಲ್ಲ. ನೂರು ವರ್ಷದಲ್ಲಿ ಉತ್ತರ ಎಷ್ಟು ಸರಿಯಿತೋ ಅಷ್ಟೇ.

"ಇಟ್ಟಿಗೆ?" ಅಂದೆ.

ಅವಳು ನನ್ನ ಕಣ್ಣನ್ನೇ ನೋಡಿದಳು. ಸುಳ್ಳು ಹೇಳಬಹುದಿತ್ತು. ಒಂದೇ ಒಂದು ಮಾತು, ಆರಿತ್ತು ಅಂತ. ನಾನು ನಂಬಿಬಿಡುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು.

"ಎರಡು ಇದ್ವು," ಅಂದಳು. "ಇನ್ನೂರೈವತ್ತು ಡಿಗ್ರಿ ಬಿಸಿ ಇದ್ದಾಗ ಬಿದ್ದಿದೆ. ಗೂಡು ಆರಿರಲಿಲ್ಲ, ಕದಿರೇಶ್."

ಮೊರದ ಸದ್ದು ನಿಂತಿತು. ನಾನು ಏಳಲು ನೆಲಕ್ಕೆ ಕೈ ಊರಿದೆ. ಹನ್ನೆರಡು ವರ್ಷದಿಂದ ಗೊತ್ತಿದ್ದದ್ದೇ. ಆದರೂ ಇನ್ನೊಬ್ಬರ ಬಾಯಿಂದ ಕೇಳುವುದು ಬೇರೆ.

"ಎದ್ದು ಹೋಗಬೇಡಿ," ಅಂದಳು ರತ್ನ. ನನ್ನ ಮಣಿಕಟ್ಟು ಹಿಡಿದಳು, ಆ ಬಿಳಿಯ ಉಂಗುರದ ಮೇಲೆ. "ಇನ್ನೂ ಮುಗಿದಿಲ್ಲ. ಸಂಖ್ಯೆ ಬಂದಾಗಿನಿಂದ ಒಂದು ಮಾತು ತಲೇಲಿ ಕೊರೀತಾ ಇದೆ. ನಿಮ್ಮಪ್ಪ ಏನು ಹೊದ್ದುಕೊಂಡು ಹೋದ್ರು ಅಂದ್ರಿ?"

"ಒದ್ದೆ ಗೋಣಿ."

"ಫ್ಯಾಕ್ಟರೀಲಿ ನೀವು ಯಾವಾಗ ಒದ್ದೆ ಗೋಣಿ ಹೊದೀತೀರಿ?"

"ಬಿಸಿ ಗೂಡಿಗೆ..." ಅಂದವನು ಅಲ್ಲೇ ನಿಂತೆ.

"ಆರಿದ ಗೂಡಿಗೆ?"

ಆರಿದ ಗೂಡಿಗೆ ಯಾರೂ ಹೊದೆಯುವುದಿಲ್ಲ. ನಾನೇ ಎಷ್ಟೋ ನೂರು ಸಲ ಗೂಡು ಬಿಚ್ಚಿದ್ದೇನೆ. ಆ ಗೋಣಿಯನ್ನು ಪ್ರತಿ ದಿನ ಕಣ್ಣ ಮುಂದೆ ನೋಡಿದ್ದೆ. ಅದರಿಂದ ನೀರು ತೊಟ್ಟಿಕ್ಕಿ ಅಪ್ಪನ ಹುಬ್ಬಿನ ಮೇಲೆ ಇಳಿದದ್ದು ಕೂಡ ನೆನಪಿತ್ತು. ಆದರೆ ನನ್ನ ಬಾಯಿಂದ ಬಂದ ಒಂದು ಮಾತು ಮಿಕ್ಕ ಎಲ್ಲವನ್ನೂ ಮುಚ್ಚಿಹಾಕಿತ್ತು.

"ಗೋಣಿ ನೆನೆಸಿ ಕೊಟ್ಟವಳು ನಾನು," ಅಂದಳು ಅಮ್ಮ.

ಇಬ್ಬರೂ ತಿರುಗಿದೆವು. ಅಮ್ಮ ಮೊರವನ್ನು ಮಡಿಲಲ್ಲಿ ಹಿಡಿದು ರಾಗಿಯನ್ನೇ ನೋಡುತ್ತಿದ್ದಳು.

"ಇನ್ನೂ ಬಿಸಿ ಐತೆ ಕಣೇ, ಲಾರಿಯೋನು ಪ್ರಾಣ ತಿಂತಾವ್ನೆ, ಮುಂದಿನ ಎರಡು ಸಾಲು ತೆಗೆದುಕೊಟ್ಟು ಕಳಿಸ್ತೀನಿ, ಗೋಣಿ ಕೊಡು ಅಂದ. ಬೇಡ ಅನ್ನಬೇಕಾಗಿತ್ತು. ಕೊಳಗದಲ್ಲಿ ಅದ್ದಿ ಕೊಟ್ಟೆ. ಈ ಕೈಯಿಂದಾನೇ."

"ನನ್ನನ್ನ ಕೇಳಿದ್ನಲ್ಲಮ್ಮ," ಅಂದೆ. ನನ್ನ ದನಿ ನನಗೇ ಹದಿಮೂರು ವರ್ಷದವನದು ಅನ್ನಿಸಿತು. "ಆರಿದೆಯೇನ್ಲಾ ಅಂತ."

"ನಿನಗೆ ಕಲಿಸೋಕೆ ಕೇಳ್ತಿದ್ದ ಕಣೋ. ಯಾವಾಗಲೂ ಕೇಳೋನು. ಅವನಿಗೆ ಬಾಗಿಲಲ್ಲಿ ಅಂಗೈ ಹಿಡಿದ್ರೆ ಗೊತ್ತಾಗ್ತಿತ್ತು." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನು ಲಾರಿಯೋನ್ನ ಬೈಕೊಂಡು ತಿರುಗ್ತಿದ್ದೆ. ಬೈಕೊಳ್ಳಲಿ, ನನ್ನ ಕಡೆ ತಿರುಗದಿದ್ರೆ ಸಾಕು ಅಂತ ಸುಮ್ಮನಿದ್ದೆ. ಕಡಗ ನಿನಗೆ ಹಾಕಿದ್ದು ಸುಮ್ಮನೆ ಅಲ್ಲ. ಅವನು ಬಂದ್ರೆ ನಿನ್ನ ಹತ್ರ ಗೋಣಿ ಮಾತು ಎತ್ತಿಬಿಡ್ತಾನೆ ಅಂತ."

ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಹನ್ನೆರಡು ವರ್ಷ ಎದುರುಬದುರು ಕೂತು ಮುದ್ದೆ ಮುರಿದಿದ್ದೆವು.

ನಾನು ಆರಿದೆ ಅಂದದ್ದು ಸುಳ್ಳೇ. ಅದು ಇವತ್ತಿಗೂ ಸುಳ್ಳೇ. ಆದರೆ ಅದನ್ನು ನಂಬಿ ಅಪ್ಪ ಒಳಗೆ ಹೋಗಲಿಲ್ಲ. ಅಷ್ಟು ಮಾತ್ರ ಆ ದಿನ ನನ್ನ ಎದೆಯಿಂದ ಇಳಿಯಿತು.

ರತ್ನ ಮಾವಿನ ಹಣ್ಣು ಹೆಚ್ಚಿದಳು. ಮೂವರೂ ತಿಂದೆವು. ರಸ ಮೊಣಕೈವರೆಗೆ ಇಳಿಯುವಾಗ ಅಮ್ಮ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿ, "ಲೇ ಕದಿರಾ, ಆ ತಂಗಡಿ ಗಿಡ ಯಾವಾಗ ಕಡೀತೀಯ?" ಅಂದಳು.

ರತ್ನಳ ಕಿವಿ ಕೆಂಪಾಯಿತು. ನಮ್ಮ ಮನೆಯ ಪದ್ಧತಿ ಅವಳ ಫಾರಂನಲ್ಲಿ ಅವಳ ಕೈಬರಹದಲ್ಲೇ ಇತ್ತು.

"ನಾನು ಏಳನೇ ಕ್ಲಾಸು," ಅಂದೆ ಅವಳಿಗೆ, ಬಸ್ಸಿಗೆ ಬಿಡಲು ಹೋಗುವಾಗ. "ಸಿಟ್ಟು ಜಾಸ್ತಿ. ಸುಳ್ಳೂ ಹೇಳಿದೀನಿ."

"ಮೂರೂ ಬರೆದುಕೊಂಡಿದೀನಿ," ಅಂದಳು. "ಇನ್ನೇನಾದ್ರೂ ಇದೆಯಾ?"

"ನಿಮ್ಮ ಕತ್ತಿನ ಹತ್ರ ಒಂದು ನರ ಇದೆ. ಮುಳ್ಳು ನಿಲ್ಲೋವರೆಗೂ ಮಿಡಿಯುತ್ತೆ."

ಅವಳು ಕೈಯಿಂದ ಕತ್ತು ಮುಚ್ಚಿಕೊಂಡಳು. ಬಸ್ಸು ಕಣ್ಮರೆಯಾಗುವವರೆಗೂ ಆ ಕೈ ಕೆಳಗಿಳಿಯಲಿಲ್ಲ.

*

ತಂಗಡಿ ಗಿಡ ಕಡಿದೆ. ಹೊಸ ಗೂಡು ಏಳಲು ಒಂದು ಚಳಿಗಾಲ, ಒಂದು ಬೇಸಿಗೆ ಹಿಡಿಯಿತು. ರಾಯಲ್ಪಾಡಿನ ಮೇಷ್ಟ್ರು ಎರಡು ಸಲ ಬೇಡ ಅಂದರು. ಮೂರನೇ ಸಲ ಬಂದು ಗೂಡಿನ ಸುತ್ತ ಒಂದು ಸುತ್ತು ಹಾಕಿ, ಕಮಾನನ್ನು ಬೆರಳಿನಿಂದ ತಟ್ಟಿ, ಏನೂ ಹೇಳದೆ ಹೋದರು. ಅದು ಒಪ್ಪಿಗೆ ಅಂದಳು ರತ್ನ, ಅವರು ಹಾಗೇ.

ಮೊದಲ ಬೆಂಕಿಗೆ ಅವಳು ಹೈದರಾಬಾದಿನಿಂದ ಬಂದಿದ್ದಳು. ಬೆಂಕಿ ನಿಲ್ಲಿಸಿ ನಾಲ್ಕು ದಿನವಾಗಿತ್ತು. ಸಾಯಂಕಾಲದ ಬಸ್ಸಿಗೆ ಅವಳು ಹೊರಡಬೇಕು. ಮಧ್ಯಾಹ್ನ ನಾನು ಹಿಂದೆ ಹತ್ತಿ, ಹೊಗೆಕಣ್ಣಿನೊಳಗೆ ಒದ್ದೆ ಹುಲ್ಲುಕಡ್ಡಿ ಬಿಟ್ಟೆ. ಪಕ್ಕದಲ್ಲಿ ಅಪ್ಪನ ಗೂಡಿನೊಳಗೆ ಗಾಳಿ ನುಗ್ಗಿತು. ಅದು ಯಾವತ್ತಿನ ಹಾಗೇ ಕೇಳಿತು. ನಿಂತಿಲ್ಲ ಅದು, ನಿಲ್ಲುವುದೂ ಇಲ್ಲ ಅನ್ನಿಸುತ್ತದೆ.

ಕೆಳಗೆ ರತ್ನ ಹಣೆಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡುತ್ತಿದ್ದಳು. ಅವಳಿಗೂ ಕೇಳಿಸಿತ್ತು.

"ಆರಿದೆಯಾ?" ಅಂದಳು.

ಕಡ್ಡಿ ಎಳೆದು ಕೆನ್ನೆಗೆ ಒತ್ತಿ ನೋಡಿದೆ. ಒಣಗಿತ್ತು. ಇನ್ನೊಂದು ಕಡ್ಡಿ ಬಿಟ್ಟು ಅದನ್ನೂ ನೋಡಿದೆ.

"ಇಲ್ಲ," ಅಂದೆ, ಅವಳಿಗೂ ಅಪ್ಪನಿಗೂ ಕೇಳುವ ಹಾಗೆ. "ಇನ್ನೂ ಎರಡು ದಿನ ಬೇಕು."

ಅವಳು ಬಸ್ಸಿನ ದಾರಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಚೀಲವನ್ನು ಕಲ್ಲಿನ ಪಕ್ಕಕ್ಕೆ ಇಳಿಸಿ, ಗೂಡಿನ ಗೋಡೆಗೆ ಬೆನ್ನು ಕೊಟ್ಟು ಕೂತಳು. ನಾನು ಇಳಿದು ಬಂದು ಅವಳ ಪಕ್ಕದಲ್ಲಿ ಕೂತೆ. ಬೆನ್ನ ಹಿಂದೆ ಗೋಡೆ ಬೆಚ್ಚಗಿತ್ತು.